ಟವೆಲ್ ರೇಡಿಯೇಟರ್‌ನ ಕಾವು ಇಳಿಸಿದ್ದು: ನನ್ನ ಅನುಭವ

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಒಂದು ಹಳೆಯ ಸಾಲುಮನೆಯಲ್ಲಿ. 2022ರ ಚಳಿಗಾಲದಲ್ಲಿ ಸರ್ಕಾರ ದರಕ್ಕೆ ಮಿತಿ ಹಾಕಿದ ಮೇಲೂ ಗ್ಯಾಸ್ ಯೂನಿಟ್‌ಗೆ (ಕರೆಂಟಿನ ಹಾಗೆ ಇಲ್ಲಿ ಗ್ಯಾಸನ್ನೂ ಕಿಲೋವ್ಯಾಟ್-ಅವರ್ ಲೆಕ್ಕದಲ್ಲಿ ಕೊಡುತ್ತಾರೆ) 10 ಪೆನ್ಸ್ ದಾಟಿತ್ತು. ಇಲ್ಲಿ ಗ್ಯಾಸ್ ಬಾಯ್ಲರ್ ಕಾಯಿಸಿದ ನೀರು ಕೊಳವೆಗಳಲ್ಲಿ ಹರಿದು ಪ್ರತಿ ಕೋಣೆಯ ರೇಡಿಯೇಟರ್ ಬಿಸಿ ಮಾಡುತ್ತದೆ, ಅದರಿಂದ ಕೋಣೆ ಬೆಚ್ಚಗಾಗುತ್ತದೆ. ಅಂಥ ಹೊತ್ತಿನಲ್ಲಿ ನಮ್ಮ ಬಾತ್‌ರೂಮು ಕುಲುಮೆಯಂತೆ ಕಾಯುತ್ತಿತ್ತು. ಟವೆಲ್ ಒಣಹಾಕುವ, ಏಣಿಯ ಹಾಗಿರುವ ಅಲ್ಲಿಯ ಕ್ರೋಮ್ ಟವೆಲ್ ರೇಡಿಯೇಟರ್ ಮುಟ್ಟಿದರೆ ಕೈ ಚುರುಕ್ ಎನ್ನುತ್ತಿತ್ತು. ಸೆಕೆ ತಡೆಯದೆ ಕಿಟಕಿ ತೆಗೆದಿಡುತ್ತಿದ್ದೆವು. ಹಿಂದಿನ ಕೋಣೆಯಲ್ಲಿ ಮಗಳು ಸ್ವೆಟರ್ ಹಾಕಿಕೊಂಡೇ ಮಲಗುತ್ತಿದ್ದಳು.

ಆಗ ಅಮ್ಮ ಕೊಪ್ಪದಿಂದ ಬಂದಿದ್ದರು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸಿದವರು ಅವರು. ಟವೆಲ್ ಒಣಗುವುದು ನೋಡಿ ಖುಷಿಪಟ್ಟರು. ಆದರೆ ಕಿಟಕಿ ನೋಡಿ, "ಉರಿ ಜಾಸ್ತಿ ಆದ್ರೆ ಕೊಳ್ಳಿ ಹಿಂದೆ ಎಳೀಬೇಕು ಕಣೋ, ಕಿಟಕಿ ತೆಗೆಯೋದಲ್ಲ" ಅಂದರು. ಹೌದಲ್ವಾ ಅನ್ನಿಸಿತು.

ರೇಡಿಯೇಟರ್‌ನ ಕೆಳಗೆ ಎರಡು ವಾಲ್ವ್ ಇರುತ್ತವೆ. ಒಂದು ಕೈಯಲ್ಲಿ ತಿರುಗಿಸುವಂಥದ್ದು. ಇನ್ನೊಂದರ ಮೇಲೆ ಪ್ಲಾಸ್ಟಿಕ್ ಟೊಪ್ಪಿ, ಅದನ್ನು ಕೈಯಲ್ಲಿ ತಿರುಗಿಸಿದರೆ ಸುಮ್ನೆ ಸುತ್ತುತ್ತದೆ. ಇದೇ ಲಾಕ್‌ಶೀಲ್ಡ್. ಎಷ್ಟು ನೀರು ಹರಿಯಬೇಕು ಅನ್ನುವುದನ್ನು ಇಲ್ಲಿ ಹೊಂದಿಸಿಡಬಹುದು. ನಮ್ಮದು ಪೂರ್ತಿ ತೆರೆದಿತ್ತು. ಬಾಯ್ಲರ್‌ಗೆ ಹತ್ತಿರ ಇರುವುದೂ ಇದೇ ರೇಡಿಯೇಟರ್. ಬಿಸಿನೀರು ಸಲೀಸಾದ ದಾರಿ ಹಿಡಿದು ಇಲ್ಲೇ ಸುತ್ತಿ ಬಾಯ್ಲರ್‌ಗೆ ವಾಪಸಾಗುತ್ತಿತ್ತು. ಹಿಂದಿನ ಕೋಣೆಗೆ ಹೋಗುತ್ತಿದ್ದದ್ದು ಸ್ವಲ್ಪವೇ.

ಕೈ ಹಾಕುವ ಮೊದಲು ಒಂದು ವಿಷಯ ನೋಡಿಕೊಂಡೆ. ಕೆಲವು ಮನೆಗಳಲ್ಲಿ ಟವೆಲ್ ರೇಡಿಯೇಟರನ್ನು ಬೇಕೆಂದೇ ತೆರೆದಿಟ್ಟಿರುತ್ತಾರೆ. ಕೋಣೆ ಬೆಚ್ಚಗಾಗಿ ಬೇರೆ ರೇಡಿಯೇಟರ್‌ಗಳ ವಾಲ್ವ್‌ಗಳೆಲ್ಲ ತಾವಾಗಿ ಮುಚ್ಚಿಕೊಂಡರೂ ಬಾಯ್ಲರ್‌ನ ನೀರಿಗೆ ಒಂದು ದಾರಿ ಇರಲಿ ಅಂತ. ನಮ್ಮ ಬಾಯ್ಲರ್‌ನ ಕೈಪಿಡಿ ಓದಿದೆ. ಒಳಗೇ ಬೈಪಾಸ್, ಅಂದರೆ ಅಂಥದೊಂದು ಬದಲಿ ದಾರಿ, ಇತ್ತು. ಹಾಲ್‌ನ ರೇಡಿಯೇಟರ್ ಕೂಡ ಯಾವಾಗಲೂ ತೆರೆದಿರುತ್ತದೆ. ನೀವೂ ಇದನ್ನು ನೋಡದೆ ಸ್ಪ್ಯಾನರ್ ಎತ್ತಬೇಡಿ.

ಬಾಯ್ಲರ್ ಆರಿಸಿ, ಎಲ್ಲ ತಣ್ಣಗಾದ ಮೇಲೆ ಟೊಪ್ಪಿ ತೆಗೆದೆ. ಸಣ್ಣ ಸ್ಪ್ಯಾನರ್‌ನಿಂದ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಮೆಲ್ಲಗೆ ತಿರುಗಿಸಿದೆ. ಎರಡೂವರೆ ಸುತ್ತಿಗೆ ಪೂರ್ತಿ ಮುಚ್ಚಿತು. ಈ ಲೆಕ್ಕ ಬರೆದಿಟ್ಟುಕೊಳ್ಳಲೇಬೇಕು, ಇಲ್ಲದಿದ್ದರೆ ಮೊದಲಿನ ಸ್ಥಿತಿಗೆ ತರುವುದು ಕಷ್ಟ. ಆಮೇಲೆ ಅರ್ಧ ಸುತ್ತು ಮಾತ್ರ ತೆರೆದೆ.

ಅಷ್ಟರಲ್ಲಿ ವಾಲ್ವ್‌ನ ಕಡ್ಡಿಯ ಬುಡದಲ್ಲಿ ಕಪ್ಪು ನೀರು ತೊಟ್ಟಿಕ್ಕತೊಡಗಿತು. ಗಾಬರಿಯಾಯಿತು. ವರ್ಷಗಟ್ಟಲೆ ಅಲುಗಾಡದ ವಾಲ್ವ್‌ಗಳಲ್ಲಿ ಹೀಗಾಗುವುದುಂಟು. ಕಡ್ಡಿಯ ಸುತ್ತಲಿನ ನಟ್ಟನ್ನು ಒಂದಿಷ್ಟೇ ಬಿಗಿ ಮಾಡಿದೆ, ನಿಂತಿತು. ಕೆಳಗೆ ಹಳೇ ಟವೆಲ್ ಹಾಸಿಕೊಂಡಿದ್ದರೆ ನೆಲ ಕಲೆಯಾಗುತ್ತಿರಲಿಲ್ಲ.

ಬಾಯ್ಲರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಕಾವು ಅಳೆದೆ. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಕ್ರೋಮ್ ಮೇಲೆ ತಪ್ಪು ತೋರಿಸುತ್ತದೆ. ಕಪ್ಪು ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ ಅದರ ಮೇಲೆ ಅಳೆದರೆ ಸರಿ ಬರುತ್ತದೆ. ಇನ್ನೂ ಬಿಸಿ ಜಾಸ್ತಿ ಇತ್ತು. ಮರುದಿನ ಕಾಲು ಸುತ್ತಿಗೆ ಇಳಿಸಿದೆ. ಈ ವಾಲ್ವ್‌ಗಳಲ್ಲಿ ನಿಜವಾದ ಆಟವೆಲ್ಲ ಕೊನೆಯ ಒಂದು ಸುತ್ತಿನಲ್ಲೇ. ಅದಕ್ಕೇ ದಿನಕ್ಕೆ ಒಂದೇ ಬದಲಾವಣೆ ಮಾಡುತ್ತಿದ್ದೆ.

ಪೂರ್ತಿ ಮುಚ್ಚಬಹುದಿತ್ತು, ಮುಚ್ಚಲಿಲ್ಲ. ಇಲ್ಲಿಯ ಚಳಿಯಲ್ಲಿ ತಣ್ಣಗಿನ ಬಾತ್‌ರೂಮಿನ ಗೋಡೆಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಈಗ ಟವೆಲ್ ಒಣಗುತ್ತದೆ, ಒಂದೆರಡು ಗಂಟೆ ತಡವಾಗಿ. ಸ್ನಾನದ ಹಬೆಗೆ ಫ್ಯಾನ್ ಸಾಕು, ಕಿಟಕಿ ಮುಚ್ಚಿರುತ್ತದೆ.

ಮೂರನೇ ದಿನ ಮಗಳ ಕೋಣೆ ಬೆಚ್ಚಗಾಯಿತು. ನನಗೆ ಇದೇ ದೊಡ್ಡ ಲಾಭ. ಎಲ್ಲ ಕೋಣೆಗೂ ನೀರು ಸರಿಯಾಗಿ ಹೋಗತೊಡಗಿದ್ದರಿಂದ ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿಯನ್ನು ಬಾಯ್ಲರ್‌ನಲ್ಲೇ 70ರಿಂದ 60 ಡಿಗ್ರಿಗೆ ಇಳಿಸಿದೆ. ಕಂಡೆನ್ಸಿಂಗ್ ಬಾಯ್ಲರ್‌ಗೆ (ಹೊಗೆಯಲ್ಲಿನ ಹಬೆಯನ್ನು ನೀರಾಗಿಸಿ ಅದರ ಶಾಖ ಹಿಡಿಯುವಂಥದ್ದಕ್ಕೆ) ವಾಪಸು ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಹೊಗೆಯಲ್ಲಿ ಹೋಗುವ ಶಾಖವೂ ಒಂದಷ್ಟು ದಕ್ಕುತ್ತದೆ. ನಿಮ್ಮಲ್ಲಿ ಬಿಸಿನೀರಿನ ಟ್ಯಾಂಕ್ ಬೇರೆ ಇದ್ದರೆ ಹೀಗೆ ಇಳಿಸಬೇಡಿ, ರೋಗಾಣು ಬೆಳೆಯದಿರಲು ಟ್ಯಾಂಕಿನ ನೀರು 60 ಡಿಗ್ರಿ ಇರಲೇಬೇಕು, ಅದನ್ನು ಕಾಯಿಸುವ ನೀರು ಅದಕ್ಕಿಂತ ಬಿಸಿ ಇರಬೇಕು.

ಮೀಟರ್ ನೋಡಿದೆ. ಚಳಿ ಹೆಚ್ಚುಕಡಿಮೆ ಒಂದೇ ಇದ್ದ ಎರಡು ವಾರಗಳನ್ನು, ಮೊದಲಿನದೊಂದು ನಂತರದ್ದೊಂದು, ಹೋಲಿಸಿದರೆ ವಾರದ ಗ್ಯಾಸ್ 45 ಘನ ಮೀಟರ್‌ನಿಂದ 41ಕ್ಕೆ ಇಳಿದಿತ್ತು. ಒಂದು ಘನ ಮೀಟರ್ ಸುಮಾರು 11 ಯೂನಿಟ್. ಅಂದರೆ ವಾರಕ್ಕೆ ನಾಲ್ಕೂವರೆ ಪೌಂಡ್ ಉಳಿತಾಯ. ಅದರಲ್ಲಿ ವಾಲ್ವ್‌ನದ್ದೆಷ್ಟು, ಬಾಯ್ಲರ್‌ನದ್ದೆಷ್ಟು ಅಂತ ಬಿಡಿಸಲಾಗದು. ಒಂದಿಲ್ಲದೆ ಇನ್ನೊಂದು ಆಗುತ್ತಿರಲಿಲ್ಲ.

ಟೊಪ್ಪಿ ಹಾಕುವ ಮೊದಲು ಅದರೊಳಗೆ ಒಂದು ಚೀಟಿ ಅಂಟಿಸಿದ್ದೇನೆ: "ಮೊದಲು 2½ ಸುತ್ತು, ಈಗ ¼."