ನೆರಳಿಗೆ ಕಪ್ಪು ಬಳಿಯುವುದನ್ನು ಬಿಟ್ಟ ಮೇಲೆ

ಪೆನ್ಸಿಲ್, ಇಂಕು ಹಿಡಿದು ಚಿತ್ರ ಬರೆಯುವುದು ನನಗೆ ಮೊದಲಿನಿಂದಲೂ ರೂಢಿ. ಬಣ್ಣ ಅಂದರೆ ಮಾತ್ರ ಭಯ. ಜಲವರ್ಣದಲ್ಲಿ ಒಂದು ಹನಿ ತಪ್ಪಿದರೂ ಹಾಳೆ ಕೆಟ್ಟಿತು ಅಂತಲೇ ಲೆಕ್ಕ. ಕಂಪ್ಯೂಟರಿನಲ್ಲಿ ಅನ್‌ಡೂ ಇದೆಯಲ್ಲ ಅಂತ ಧೈರ್ಯ ಮಾಡಿ ಗಿಂಪ್ ಹಾಕಿಕೊಂಡೆ. ಚಿತ್ರ ಬರೆಯಲು, ತಿದ್ದಲು ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಅದು, ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಮೊದಲ ಚಿತ್ರ, ಮರದ ಕೆಳಗೆ ಶಾಲು ಹೊದ್ದು ಕೂತ ಅಜ್ಜಿ. ಗಿಂಪ್‌ನಲ್ಲಿ ಒಂದರ ಮೇಲೊಂದು ಇಡುವ ಪದರಗಳಿಗೆ ಲೇಯರ್ ಅನ್ನುತ್ತಾರೆ. ಕಾಗದದ ಚಿತ್ರವನ್ನು ಸ್ಕ್ಯಾನ್ ಮಾಡಿದ ಲೇಯರ್ ಮೇಲೆಯೇ ಬ್ರಶ್ ಆಡಿಸಿದೆ. ಗೆರೆಗಳೆಲ್ಲ ಬಣ್ಣದಡಿ ಮುಚ್ಚಿಹೋದವು. ಸರಿ, ಗೆರೆಗಳ ನಡುವಿನ ಜಾಗವನ್ನು ಒಂದೇ ಸಲ ತುಂಬುವ ಬಕೆಟ್ ಟೂಲ್‌ನಿಂದ ಸುರಿಯೋಣ ಅಂದುಕೊಂಡೆ. ಆಗ ಗೆರೆಗೂ ಬಣ್ಣಕ್ಕೂ ನಡುವೆ ಸಣ್ಣ ಬಿಳಿ ಅಂಚು ಉಳಿಯಿತು. ಎಷ್ಟು ಸಲ ಸುರಿದರೂ ಅದೇ ಕಥೆ.

ಆ ಅಂಚು ಯಾಕೆ ಬರುತ್ತದೆ ಅಂತ ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿದಾಗ ಗೊತ್ತಾಯಿತು. ಗೆರೆ ಅಂದರೆ ಬರೀ ಕಪ್ಪಲ್ಲ. ಅಂಚಿನಲ್ಲಿ ಕಪ್ಪಿನಿಂದ ಬಿಳಿಗೆ ಇಳಿಯುವ ಬೂದು ಪಿಕ್ಸೆಲ್‌ಗಳಿವೆ. ಬಕೆಟ್ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಜೊತೆಗೆ ನಾನು ಸ್ಕ್ಯಾನನ್ನು ಜೆಪೆಗ್ ಆಗಿ ಉಳಿಸಿದ್ದೆ. ಫೈಲನ್ನು ಚಿಕ್ಕದು ಮಾಡಲು ಜೆಪೆಗ್ ಮಾಡುವ ಸಂಕೋಚನದಿಂದ ಗೆರೆಯ ಸುತ್ತ ಧೂಳು ಕೂತಂತೆ ಮಚ್ಚೆಗಳು ಬೇರೆ. ಈಗ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಹಾಗೆ ಕೆಡಿಸದ ಪಿಎನ್‌ಜಿ ಆಗಿ ಇಡುತ್ತೇನೆ. ಕಡು-ತಿಳಿ ಹೊಂದಿಸುವ ಲೆವೆಲ್ಸ್‌ನಲ್ಲಿ ಹಾಳೆಯ ಮಾಸಲನ್ನು ಬಿಳಿಗೆ ತಂದು, ಗೆರೆಯ ಲೇಯರನ್ನು ಎಲ್ಲಕ್ಕಿಂತ ಮೇಲಿಟ್ಟು, ಅದರ ಮೋಡ್ ಅನ್ನು, ಅಂದರೆ ಕೆಳಗಿನ ಲೇಯರಿನೊಡನೆ ಬೆರೆಯುವ ರೀತಿಯನ್ನು, ಮಲ್ಟಿಪ್ಲೈ ಮಾಡುತ್ತೇನೆ. ಹೆಸರೇ ಹೇಳುವಂತೆ ಅದು ಗುಣಾಕಾರ: ಬಿಳಿ 1, ಕಪ್ಪು 0. ಬಿಳಿಯಿಂದ ಗುಣಿಸಿದರೆ ಕೆಳಗಿನ ಬಣ್ಣ ಹಾಗೇ ಉಳಿಯುತ್ತದೆ, ಕಪ್ಪಿನಿಂದ ಗುಣಿಸಿದರೆ ಕಪ್ಪೇ. ಅಂದರೆ ಹಾಳೆ ಮಾಯ, ಗೆರೆ ಮಾತ್ರ ಭದ್ರ. ಬಣ್ಣ ಹಾಕುವಾಗ ಗೆರೆಯ ಲೇಯರಿನಲ್ಲಿ ಜಾಗ ಸೆಲೆಕ್ಟ್ ಮಾಡಿ, ಸೆಲೆಕ್ಷನ್ನನ್ನು ಎರಡು ಪಿಕ್ಸೆಲ್ ಹಿಗ್ಗಿಸಿ, ಕೆಳಗಿನ ಲೇಯರಿನಲ್ಲಿ ತುಂಬುತ್ತೇನೆ. ಬಣ್ಣ ಗೆರೆಯ ಅಡಿಗೆ ನುಗ್ಗುತ್ತದೆ. ಬಿಳಿ ಅಂಚಿನ ಕಾಟ ಅಲ್ಲಿಗೆ ಮುಗಿಯಿತು.

ಹೀಗೆ ನೆರಳು, ಹೊಳಪು ಏನೂ ಇಲ್ಲದೆ ತುಂಬುವ ಚಪ್ಪಟೆ ಬಣ್ಣಕ್ಕೆ ಫ್ಲ್ಯಾಟ್ಸ್ ಅನ್ನುತ್ತಾರೆ. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ. ಆದರೆ ಇಲ್ಲಿ ಅವಸರ ಮಾಡಿದಾಗಲೆಲ್ಲ ಮುಂದೆ ಅನುಭವಿಸಿದ್ದೇನೆ. ಬಿಟ್ಟುಹೋದ ಮೂಲೆಗಳನ್ನು ಬ್ರಶ್‌ನಿಂದ ಅಲ್ಲ, ಅಂಚು ಮಸುಕಾಗದ ಪೆನ್ಸಿಲ್ ಟೂಲ್‌ನಿಂದ ತುಂಬುತ್ತೇನೆ. ಅಂಚು ಚೊಕ್ಕಟವಾಗಿದ್ದರೆ ಆಮೇಲೆ ಶಾಲಿನ ಬಣ್ಣ ಬದಲಿಸಬೇಕೆನಿಸಿದರೂ ಒಂದೇ ಕ್ಲಿಕ್‌ಗೆ ಶಾಲು ಪೂರ್ತಿ ಸೆಲೆಕ್ಟ್ ಆಗುತ್ತದೆ.

ನೆರಳಿನಲ್ಲೇ ನಾನು ಜಾಸ್ತಿ ದಿನ ಸಿಕ್ಕಿಹಾಕಿಕೊಂಡದ್ದು. ನೆರಳು ಅಂದರೆ ಕಪ್ಪು ಅಲ್ವಾ ಅಂತ ತೆಳುವಾದ ಕಪ್ಪು ಬಳಿದೆ. ಅಜ್ಜಿಯ ಮುಖಕ್ಕೆ ಮಸಿ ಮೆತ್ತಿದಂತಾಯಿತು. ಒಂದು ದಿನ ಬೆರಳಿನ ನಡುವೆ ಬೆಳಕು ಬಿಟ್ಟು ನನ್ನ ಕೈಯನ್ನೇ ನೋಡಿದೆ. ನೆರಳು ಶುರುವಾಗುವ ಕಡೆ ಚರ್ಮ ಬೂದಾಗಿರಲಿಲ್ಲ, ಕೆಂಪಾಗಿತ್ತು. ಬಯಲಿನಲ್ಲಾದರೆ ಬಿಸಿಲು ಬೀಳದ ಜಾಗಕ್ಕೂ ಆಕಾಶದ ನೀಲಿ ಬೆಳಕು ಬೀಳುತ್ತಿರುತ್ತದೆ. ಹಾಗಾಗಿ ಈಗ ಫ್ಲ್ಯಾಟ್ಸ್ ಮೇಲೆ ಇನ್ನೊಂದು ಮಲ್ಟಿಪ್ಲೈ ಲೇಯರ್ ಇಟ್ಟು, ತಿಳಿ ನೇರಳೆಯಲ್ಲಿ ನೆರಳು ಬರೆಯುತ್ತೇನೆ. ಚರ್ಮದ ಮೇಲೆ ಮಾತ್ರ ಸ್ವಲ್ಪ ಕೆಂಪಿಗೆ ವಾಲಿಸುತ್ತೇನೆ. ಅದೇ ಅಜ್ಜಿ, ಮುಖಕ್ಕೆ ಜೀವ ಬಂತು.

ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಎಲ್ಲದರ ಮೇಲೆ ಬಿಳಿ ತುಂಬಿದ ಒಂದು ಲೇಯರ್ ಇಟ್ಟು ಅದರ ಮೋಡ್ ಅನ್ನು ಎಲ್‌ಸಿಎಚ್ ಕಲರ್ ಮಾಡಿದೆ. ಕೆಳಗಿನ ಕಡು-ತಿಳಿ ಉಳಿಸಿಕೊಂಡು ಬಣ್ಣವನ್ನು ಮಾತ್ರ ಮೇಲಿನ ಲೇಯರಿನಿಂದ ತೆಗೆದುಕೊಳ್ಳುವ ಮೋಡ್ ಅದು. ಚಿತ್ರ ಕಪ್ಪು ಬಿಳುಪಾಯಿತು. ಕೆಂಪು ಶಾಲು, ಹಿಂದಿನ ಹಸಿರು ಪೊದೆ ಎರಡೂ ಒಂದೇ ಬೂದು! ಬಣ್ಣ ಬೇರೆ ಇದ್ದರೂ ಕಡುತನ ಒಂದೇ ಆಗಿದ್ದರಿಂದ ಅಜ್ಜಿ ಪೊದೆಯೊಳಗೆ ಕರಗಿಹೋಗಿದ್ದಳು. ಪೊದೆಯನ್ನು ತಿಳಿ ಮಾಡಿದೆ, ಅಷ್ಟೇ. ಈಗ ಆ ಬಿಳಿ ಲೇಯರ್ ಪ್ರತಿ ಫೈಲಿನಲ್ಲೂ ಇರುತ್ತದೆ, ಲೇಯರನ್ನು ತೋರಿಸುವ, ಮರೆಮಾಡುವ ಕಣ್ಣಿನ ಗುರುತು ಒತ್ತಿ ಆಗಾಗ ನೋಡಿಕೊಳ್ಳುತ್ತೇನೆ.

ಹೊಳಪಿನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಎಷ್ಟು ಬೇಕು ಅನ್ನಿಸುತ್ತದೋ ಅದರ ಅರ್ಧ ಹಾಕಿ.

ಕೂದಲು ಮಾತ್ರ ಇನ್ನೂ ಒಲಿದಿಲ್ಲ. ಒಂದೊಂದೇ ಎಳೆ ಬರೆಯಲು ಹೋಗಿ ಅಜ್ಜಿಯ ತಲೆಯನ್ನು ಪೊರಕೆ ಮಾಡಿದ್ದೆ. ಈಗ ಮೊದಲು ದೊಡ್ಡ ಗೊಂಚಲುಗಳಿಗೆ ನೆರಳು ಕೊಟ್ಟು, ಕೊನೆಗೆ ನಾಲ್ಕೈದು ಎಳೆ ಎಳೆದು ಸುಮ್ನಾಗುತ್ತೇನೆ.