ಗಾಳಿಯಲ್ಲಿ ಮಂಕಾಗುವ ಕೆಂಪು: ಅಷ್ಟಮುಖಿ ಮಾಲಿಬ್ಡಿನಂ ಗುಚ್ಛಗಳೊಡನೆ ನನ್ನ ಅನುಭವ

ಆರು ಮಾಲಿಬ್ಡಿನಂ ಪರಮಾಣುಗಳು ಅಷ್ಟಮುಖಿಯ ಆರು ಮೂಲೆಗಳಲ್ಲಿ ಕುಳಿತು, ಹನ್ನೆರಡು ಅಂಚುಗಳ ಉದ್ದಕ್ಕೂ ಒಂದನ್ನೊಂದು ನೇರವಾಗಿ ಹಿಡಿದುಕೊಂಡು ಗುಚ್ಛವಾಗಿರುವ ಸಂಯುಕ್ತವನ್ನು ನಾನು ತಯಾರಿಸಲು ಹೊರಟದ್ದು ಅದರ ಕೆಂಪು ಬೆಳಕನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದ. ಪ್ರತಿ ಲೋಹದಿಂದ ನಾಲ್ಕರಂತೆ ಬರುವ 24 ಇಲೆಕ್ಟ್ರಾನ್‌ಗಳು ಹನ್ನೆರಡು ಬಂಧಗಳಿಗೆ ಎರಡೆರಡರಂತೆ ಸರಿಯಾಗಿ ಸಾಲುತ್ತವೆ. ಎಂಟು ಮುಖಗಳ ಮೇಲೆ ಎಂಟು ಹ್ಯಾಲೊಜನ್‌ಗಳು (ಕ್ಲೋರಿನ್, ಅಯೋಡಿನ್‌ನಂಥವು) ಭದ್ರವಾಗಿ ಕೂತಿರುತ್ತವೆ. ಮೂಲೆಗಳಿಂದ ಹೊರಚಾಚಿದ ಆರು ಲಿಗ್ಯಾಂಡ್‌ಗಳು, ಅಂದರೆ ಲೋಹಕ್ಕೆ ಅಂಟಿಕೊಂಡ ಅಯಾನು ಅಥವಾ ಅಣುಗಳು, ಮಾತ್ರ ಸುಲಭವಾಗಿ ಬದಲಾಗುತ್ತವೆ. ಈ ಒಳ–ಹೊರ ಭೇದವನ್ನು ಅರಿಯದವರಿಗೆ ಇಲ್ಲಿನ ರಸಾಯನಶಾಸ್ತ್ರ ಒಲಿಯುವುದಿಲ್ಲ.

ಮಾಲಿಬ್ಡಿನಂ ಡೈಕ್ಲೋರೈಡ್ ಎಂದು ಸೀಸೆಯ ಮೇಲೆ ಬರೆದಿರುವ ಹಳದಿ ಪುಡಿಯಲ್ಲಿ ಗುಚ್ಛವು ಆಗಲೇ ಇರುತ್ತದೆ. ಅದನ್ನು ಬಿಸಿಯಾದ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಕರಗದೆ ಉಳಿದ ಕಂದು ಕಸವನ್ನು ಬಿಸಿಯಿರುವಾಗಲೇ ಸೋಸಿ, ನಿಧಾನವಾಗಿ ತಣಿಸಿದಾಗ ಹಳದಿ ಸೂಜಿಗಳು ಇಳಿದವು. ಅವುಗಳನ್ನು ಎಥನಾಲ್‌ನಲ್ಲಿ ಕರಗಿಸಿ ಟೆಟ್ರಾಬ್ಯುಟೈಲ್ ಅಮೋನಿಯಂ ಕ್ಲೋರೈಡ್ ಸೇರಿಸಿದೆ. ಹದಿನಾಲ್ಕು ಕ್ಲೋರಿನ್‌ಗಳನ್ನು ಹೊತ್ತ ಗುಚ್ಛದ ಲವಣವು ಕೂಡಲೇ ಹಳದಿ ಗಸಿಯಾಗಿ ಕೆಳಗೆ ಕೂತಿತು. ಇಲ್ಲಿಯವರೆಗೆ ಯಾವ ತೊಡಕೂ ಇರಲಿಲ್ಲ.

ಒಣಗಿಸಿದ ಪುಡಿಯನ್ನು ನೇರಳಾತೀತ ದೀಪದ ಕೆಳಗೆ ಹಿಡಿದಾಗ ಅದು ಕೆಂಡದಂತೆ ಕಂಡಿತು. ಅದನ್ನೇ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿದಾಗ ಬೆಳಕು ಬಹುಪಾಲು ಮಾಯವಾಯಿತು. ಲವಣ ಕಲುಷಿತವಾಗಿದೆಯೆಂದು ಭಾವಿಸಿ ನಾನು ಎರಡು ಸಲ ಮರುಸ್ಫಟಿಕೀಕರಣ ಮಾಡಿದೆ, ದ್ರಾವಕವನ್ನು ಬದಲಿಸಿದೆ, ಒಂದು ವಾರವನ್ನು ವ್ಯರ್ಥಗೊಳಿಸಿದೆ. ತಪ್ಪು ಲವಣದ್ದಲ್ಲ, ದ್ರಾವಕದಲ್ಲಿ ಕರಗಿದ್ದ ಆಮ್ಲಜನಕದ್ದು. 1981ರಲ್ಲಿ ರಸಾಯನಶಾಸ್ತ್ರಜ್ಞರಾದ ಮಾವೆರಿಕ್ ಮತ್ತು ಗ್ರೇ ಈ ಗುಚ್ಛದ ದೀಪ್ತಿಯನ್ನು ವರದಿ ಮಾಡಿದ ನಂತರ ನಡೆದ ಅಳತೆಗಳ ಪ್ರಕಾರ, ಆಮ್ಲಜನಕವಿಲ್ಲದ ಅಸಿಟೋನೈಟ್ರೈಲ್‌ನಲ್ಲಿ ಅದರ ಉದ್ರಿಕ್ತ ಸ್ಥಿತಿ, ಅಂದರೆ ಬೆಳಕನ್ನು ಹೀರಿ ಶಕ್ತಿ ತುಂಬಿಕೊಂಡ ಸ್ಥಿತಿ, ಸುಮಾರು 180 ಮೈಕ್ರೋಸೆಕೆಂಡ್ ಬಾಳುತ್ತದೆ. ಟ್ರಿಪ್ಲೆಟ್ ಸ್ವಭಾವದ (ಎರಡು ಒಂಟಿ ಇಲೆಕ್ಟ್ರಾನ್‌ಗಳ ಗಿರಕಿ ಒಂದೇ ದಿಕ್ಕಿನಲ್ಲಿರುವ) ಸ್ಥಿತಿಯೊಂದು ಅಷ್ಟು ಹೊತ್ತು ಉಳಿದರೆ ಆಮ್ಲಜನಕದ ಅಣು ಅದನ್ನು ಹುಡುಕಿಕೊಂಡು ಬಂದು ಶಕ್ತಿಯನ್ನು ಕಸಿದುಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ಪುಡಿಯಲ್ಲಿ ಆ ಅಣು ಒಳನುಗ್ಗುವುದು ಕಷ್ಟವಾದ್ದರಿಂದಲೇ ಅದು ಗಾಳಿಯಲ್ಲಿಯೂ ಬೆಳಗುತ್ತಿತ್ತು.

ಆಮೇಲೆ ಆ ಆಮ್ಲಜನಕವನ್ನು ತೆಗೆಯಲು ದ್ರಾವಣವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ನಿರ್ವಾತಕ್ಕೆ ಎಳೆದು, ಕರಗಿಸಿ, ಇದನ್ನೇ ಮೂರು ಬಾರಿ ಮಾಡಿದೆ. ಆರ್ಗಾನ್ ಗುಳ್ಳೆಗಳನ್ನು ಹತ್ತು ನಿಮಿಷ ಹಾಯಿಸುವುದೂ ಬಹುಮಟ್ಟಿಗೆ ಸಾಕಾಗುತ್ತದೆ, ಆದರೆ ಬಾಳಿಕೆಯ ಅಳತೆಗೆ ನಾನು ಅದನ್ನು ನಂಬುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಬೆಳಕು ಮರಳಿತು. ಮುಚ್ಚಳವನ್ನು ತೆಗೆದು ಅಲುಗಾಡಿಸಿದರೆ ಕಣ್ಣೆದುರೇ ಮಂಕಾಯಿತು.

ರೋಹಿತ ತೆಗೆಯುವಾಗಲೂ ಒಂದು ಮೋಸವಿತ್ತು. ಈ ಗುಚ್ಛದ ದೀಪ್ತಿ ಕೆಂಪಿನಿಂದ ಅವಕೆಂಪಿನವರೆಗೆ ಅಗಲವಾಗಿ ಹರಡಿಕೊಂಡಿರುತ್ತದೆ. ನಾನು 400 ನ್ಯಾನೊಮೀಟರ್‌ನಲ್ಲಿ ಉದ್ರೇಕಿಸುತ್ತಿದ್ದೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗ್ರೇಟಿಂಗ್‌ನ ಎರಡನೆಯ ಕ್ರಮದಲ್ಲಿ, ಅಂದರೆ ತರಂಗಾಂತರ ದುಪ್ಪಟ್ಟಾದಂತೆ ತೋರುವಲ್ಲಿ, ಚದುರಿದ ಬೆಳಕು ಸರಿಯಾಗಿ 800ರಲ್ಲಿ ಚೂಪಾದ ಶಿಖರವಾಗಿ ಎದ್ದು, ಹೊಸದೊಂದು ಪಟ್ಟಿಯೆಂದು ನನ್ನನ್ನು ಮರುಳುಗೊಳಿಸಿತು. ಉದ್ರೇಕದ ಬೆಳಕನ್ನು ತಡೆಯುವ ಶೋಧಕ ಹಾಕಿದಾಗ ಅದು ಹೋಯಿತು. ಸಂವೇದಕದ ಸಾಮರ್ಥ್ಯವು ಅವಕೆಂಪಿನಲ್ಲಿ ಕುಸಿಯುವುದನ್ನು ತಿದ್ದದೆ ಯಾರಾದರೂ ಗರಿಷ್ಠ ಬಿಂದುವನ್ನು ಬರೆದರೆ, ಆ ಅಂಕಿಯನ್ನು ನಾನು ಈಗ ಒಪ್ಪುವುದಿಲ್ಲ.

ಪ್ರಕಾಶವನ್ನು ಹೆಚ್ಚಿಸಬೇಕಾದರೆ ಒಳಗಿನ ಎಂಟು ಸ್ಥಾನಗಳಲ್ಲಿ ಅಯೋಡಿನ್ ಇರಬೇಕು. ಸಹೋದ್ಯೋಗಿಯೊಬ್ಬರು ಮಾಡಿಟ್ಟಿದ್ದ ಹದಿನಾಲ್ಕು ಅಯೋಡಿನ್‌ಗಳ ಗುಚ್ಛಕ್ಕೆ, ಅದರ ಒಂದು ಮೋಲ್‌ಗೆ ಆರು ಮೋಲ್‌ನಂತೆ ಬೆಳ್ಳಿಯ ಟ್ರೈಫ್ಲೂರೊಅಸಿಟೇಟ್ ಸೇರಿಸಿ, ಪಾತ್ರೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಕತ್ತಲಲ್ಲಿ ಕಲಕಿದೆ. ಹೊರಗಿನ ಆರು ಅಯೋಡೈಡ್‌ಗಳು ಬೆಳ್ಳಿಯೊಡನೆ ಗಸಿಯಾಗಿ ಹೊರಬಿದ್ದು, ಅವುಗಳ ಜಾಗಕ್ಕೆ ಟ್ರೈಫ್ಲೂರೊಅಸಿಟೇಟ್ ಬಂತು. ಆ ಗಸಿಯ ಕಣಗಳು ಬಹಳ ಸಣ್ಣವು, ಸೋಸುಕಾಗದವನ್ನು ದಾಟಿಬಿಡುತ್ತವೆ. ಸೀಲೈಟ್ ಎಂಬ ಸೋಸುಪುಡಿಯ ಪದರದ ಮೇಲೆ ಎರಡು ಬಾರಿ ಸೋಸಿದ ನಂತರವೇ ದ್ರಾವಣ ತಿಳಿಯಾಯಿತು. ಈ ಸಂಯುಕ್ತದ ಕ್ವಾಂಟಂ ಇಳುವರಿ (ಹೀರಿದ ಪ್ರತಿ ಫೋಟಾನ್‌ಗೆ ಹೊರಬರುವ ಫೋಟಾನ್‌ಗಳ ಪಾಲು) ಆಮ್ಲಜನಕವಿಲ್ಲದ ದ್ರಾವಣದಲ್ಲಿ 1ಕ್ಕೆ ಸಮೀಪವಿದ್ದರೆ, ಕ್ಲೋರೈಡಿನದು ಸುಮಾರು 0.19.

ನನ್ನನ್ನು ಮೊದಲು ಕಾಡಿದ ಆಮ್ಲಜನಕವನ್ನು ಕೊನೆಗೆ ನಾನೇ ಬೇಕೆಂದು ಒಳಬಿಟ್ಟೆ. ಅದು ಕಸಿದುಕೊಂಡ ಶಕ್ತಿಯಿಂದ ಸಿಂಗ್ಲೆಟ್ ಆಮ್ಲಜನಕವೆಂಬ ಉದ್ರಿಕ್ತ ರೂಪ ತಾಳಿ, 1270 ನ್ಯಾನೊಮೀಟರ್ ಬಳಿ ತನ್ನದೇ ಸಣ್ಣ ದೀಪ್ತಿಯನ್ನು ತೋರಿಸುತ್ತದೆ. ತಂಪಾಗಿಸಿದ ಅವಕೆಂಪು ಸಂವೇದಕದಲ್ಲಿ ಆ ಕಿರಿದಾದ ಶಿಖರವು ಗಾಳಿ ಬಿಟ್ಟಾಗ ಎದ್ದು, ಆರ್ಗಾನ್ ಹಾಯಿಸಿದಾಗ ಮಲಗುತ್ತಿದ್ದುದನ್ನು ಆ ಸಂಜೆ ಐದಾರು ಸಲ ನೋಡಿದೆ.