‘ಇಲ್ಲ ಸರ್’ ಅಂತ ಕಳಿಸಿದ್ದೇ ತಪ್ಪಾಯ್ತು

2022ರಲ್ಲಿ ಬಿ.ಕಾಂ. ಮುಗಿಸಿ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿತು, ದಾವಣಗೆರೆಯಿಂದ ಬೆಂಗಳೂರಿಗೆ ಬಂದೆ. ನಾಗಸಂದ್ರದಲ್ಲಿ ಚಿಕ್ಕಮ್ಮನ ಮನೆ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಒಂದು ಸಂಜೆ ಅಲ್ಲಿಂದ ವಾಟ್ಸಾಪ್ ಬಂತು. ‘ನಾಳೆ 11ಕ್ಕೆ ಇಂಟರ್‌ವ್ಯೂಗೆ ಬರ್ತೀರಾ? ಏನಾದ್ರೂ ತೊಂದರೆ ಇದೆಯಾ?’

ನಾನು ಬಸ್ಸಿನಲ್ಲಿದ್ದೆ. ಗೆಳತಿಯರಿಗೆ ಬರೆಯುವ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ‘ಇಲ್ಲ ಸರ್’ ಅಂತ ಒತ್ತಿ ಕಳಿಸಿದೆ. ತೊಂದರೆ ಇಲ್ಲ ಅನ್ನೋದು ನನ್ನ ಅರ್ಥ. ಬರೋದಿಲ್ಲ ಅಂತ ಅವರು ತಿಳಿದುಕೊಂಡರು.

ಮಾರನೇ ದಿನ ಹತ್ತೂಮುಕ್ಕಾಲಿಗೇ ಗೇಟಿನ ಹತ್ತಿರ ನಿಂತಿದ್ದೆ. ಸೆಕ್ಯುರಿಟಿಯವರ ರಿಜಿಸ್ಟರಿನಲ್ಲಿ ನನ್ನ ಹೆಸರಿರಲಿಲ್ಲ. ಫೋನ್ ಮಾಡಿದೆ. ‘ನೀವೇ ಬರಲ್ಲ ಅಂದ್ರಲ್ಲಮ್ಮಾ, ಆ ಟೈಮ್ ಬೇರೆಯವರಿಗೆ ಕೊಟ್ವಿ’ ಅಂದರು. ಅವರದು ಏನೂ ತಪ್ಪಿಲ್ಲ. ಎರಡು ಪ್ರಶ್ನೆ ಕೇಳಿದ್ದರು, ನಾನು ಒಂದೇ ಮಾತಿನಲ್ಲಿ ಮುಗಿಸಿದ್ದೆ. ವಾಪಸ್ ಮೆಟ್ರೋ ಸ್ಟೇಷನ್ ತನಕ ಅಳುತ್ತಲೇ ನಡೆದೆ.

ಆ ರಾತ್ರಿ, ಕೆಲಸ ಕೇಳಿ ಕಳಿಸಿದ್ದ ಹಳೇ ಮೆಸೇಜ್‌ಗಳನ್ನೆಲ್ಲ ಕೂತು ಓದಿದೆ. ಒಬ್ಬರಿಗೆ ಬರೀ ‘ಹಾಯ್ ಸರ್’ ಅಂತ ಹಾಕಿ ಎರಡು ದಿನ ಕಾದಿದ್ದೆ. ಗುರುತಿಲ್ಲದ ನಂಬರಿನಿಂದ ಬಂದ ಹಾಯ್‌ಗೆ ಯಾರು ಉತ್ತರ ಕೊಡುತ್ತಾರೆ? ಇನ್ನೊಂದು ಕಡೆ ‘ಹೇಳಿ ಸರ್’ ಅನ್ನೋದು ‘ಹೇಳು ಸರ್’ ಆಗಿ ಹೋಗಿತ್ತು. ಇಂಗ್ಲಿಷ್ ಕೀಬೋರ್ಡಿನಲ್ಲಿ ‘ಯು’, ‘ಐ’ ಎರಡೂ ಅಕ್ಕಪಕ್ಕ ಇವೆ. ಬೆರಳು ಚೂರು ಜಾರಿದರೆ ಸಾಕು, ‘ಕಳಿಸಿ’ ಹೋಗಿ ‘ಕಳಿಸು’, ‘ನೋಡಿ’ ಹೋಗಿ ‘ನೋಡು’. ಓದುವವರಿಗೆ ಅದು ಟೈಪಿಂಗ್ ತಪ್ಪು ಅಂತ ಹೇಗೆ ಗೊತ್ತಾಗಬೇಕು? ಮುಖ ನೋಡದ ಹುಡುಗಿ ಏಕವಚನದಲ್ಲಿ ಮಾತಾಡಿಸಿದಳು ಅಂತಲೇ ಅನಿಸುತ್ತೆ, ಅಲ್ವಾ?

ಅಕ್ಷರ ಉಳಿಸುವ ಅಭ್ಯಾಸ ಎಸ್ಸೆಮ್ಮೆಸ್ ಕಾಲದ್ದು. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ, ಕನ್ನಡ ಲಿಪಿಯಾದರೆ 70 ಮಾತ್ರ. ಆಗ ಮೊಟಕು ಮಾಡಿದ್ದಕ್ಕೆ ಕಾರಣ ಇತ್ತು. ವಾಟ್ಸಾಪಿನಲ್ಲಿ ಆ ಇಕ್ಕಟ್ಟೇ ಇಲ್ಲ. ನಾನು ಸುಮ್ನೆ ರೂಢಿಯಿಂದ ಮಾಡುತ್ತಿದ್ದೆ.

ಮೊದಲು ಫೋನಿನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಕೀಬೋರ್ಡ್ ಹಾಕಿಕೊಂಡೆ. ‘ಹೇಳು’ ಅಂತ ಕನ್ನಡದಲ್ಲೇ ಕಂಡಾಗ ಕಣ್ಣಿಗೆ ತಕ್ಷಣ ಕುಟುಕುತ್ತೆ. ಜಾಹೀರಾತು ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷಿನಲ್ಲೇ ಉತ್ತರ ಬರೆಯುತ್ತಿದ್ದೆ, ಆದರೆ ಪೂರ್ತಿ ವಾಕ್ಯದಲ್ಲಿ.

ಆಮೇಲೆ ಚಿಕ್ಕಮ್ಮನ ಸಹಾಯ. ಕಳಿಸೋ ಮುಂಚೆ ಮೆಸೇಜ್ ಅವರಿಗೆ ಜೋರಾಗಿ ಓದಿ ಹೇಳುತ್ತಿದ್ದೆ. ಅವರು ಚಪಾತಿ ಲಟ್ಟಿಸುತ್ತಲೇ ‘ಯಾವ ಕೆಲ್ಸಕ್ಕೆ?’ ‘ನಾಳೆ ಅಂದ್ರೆ ಯಾವತ್ತು?’ ಅಂತ ಕೇಳೋರು. ಅವರು ಪ್ರಶ್ನೆ ಕೇಳಿದರೆ ಮೆಸೇಜಿನಲ್ಲಿ ಏನೋ ಬಿಟ್ಟುಹೋಗಿದೆ ಅಂತ ಲೆಕ್ಕ. ‘ನಾಳೆ’ ಅನ್ನೋದನ್ನು ಅವತ್ತೇ ಬಿಟ್ಟೆ. ರಾತ್ರಿ ಕಳಿಸಿದ್ದನ್ನು ಆಫೀಸಿನವರು ಬೆಳಿಗ್ಗೆ ನೋಡಿದರೆ ನಮ್ಮ ನಾಳೆ ಅವರಿಗೆ ಇವತ್ತು. ಕೊನೆಗೆ ಮೆಸೇಜ್ ಹೀಗಾಯಿತು. ಮೊದಲು ನನ್ನ ಹೆಸರು. ಆಮೇಲೆ, ‘ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿದ್ದೆ ಸರ್. ಬುಧವಾರ, 14ನೇ ತಾರೀಕು ಬೆಳಿಗ್ಗೆ 11 ಗಂಟೆಗೆ ಇಂಟರ್‌ವ್ಯೂಗೆ ಬರ್ತೀನಿ. ಏನೇನು ದಾಖಲೆ ತರಬೇಕು ತಿಳಿಸಿ.’

‘ಬರ್ತೀನಿ’ ಅಂತ ಬರೆದೆ, ‘ಆಗಮಿಸುತ್ತೇನೆ’ ಅಂತಲ್ಲ. ಮರ್ಯಾದೆ ಕೊಡೋಕೆ ಅಷ್ಟು ಬಿಗಿಯಾದ ಮಾತು ಬೇಕಿಲ್ಲ.

ಒಂದೂವರೆ ತಿಂಗಳಲ್ಲಿ ರಾಜಾಜಿನಗರದ ಆಡಿಟರ್ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ಇಲ್ಲಿ ಈ ಅಭ್ಯಾಸ ಇನ್ನೂ ಜಾಸ್ತಿ ಉಪಯೋಗಕ್ಕೆ ಬಂತು. ಪಾರ್ಟಿಗಳು, ಅಂದರೆ ನಮ್ಮಲ್ಲಿ ಲೆಕ್ಕ ಮಾಡಿಸುವ ವ್ಯಾಪಾರಿಗಳು, ‘ರಿಟರ್ನ್ ಆಯ್ತಾ?’ ಅಂತ ಕೇಳುತ್ತಾರೆ. ‘ಆಯ್ತು’ ಅಂದುಬಿಟ್ಟರೆ ಯಾವುದು ಆಯ್ತು? ಜಿಎಸ್‌ಟಿಯಲ್ಲಿ ಮಾರಾಟದ ವಿವರ ಕೊಡೋದು ಜಿಎಸ್‌ಟಿಆರ್-1, ತೆರಿಗೆ ಲೆಕ್ಕ ಕೊಟ್ಟು ಕಟ್ಟೋದು ಜಿಎಸ್‌ಟಿಆರ್-3ಬಿ. ತಿಂಗಳಿಗೊಮ್ಮೆ ಫೈಲ್ ಮಾಡುವವರಿಗೆ ಮೊದಲನೆಯದಕ್ಕೆ ಮುಂದಿನ ತಿಂಗಳ 11ನೇ ತಾರೀಕು ಗಡುವು, 3ಬಿಗೆ 20. ಎಲ್ಲಾ ಆಯ್ತು ಅಂತ ಅವರು ನಿಶ್ಚಿಂತೆಯಿಂದ ಕೂತು, 3ಬಿ ತಡವಾದರೆ ದಂಡ ಬೀಳೋದು ಅವರಿಗೇ. ಹಾಗಾಗಿ ‘ಜಿಎಸ್‌ಟಿಆರ್-1 ಇವತ್ತು ಫೈಲ್ ಆಯ್ತು. 3ಬಿ ಬಾಕಿ ಇದೆ, ಖರೀದಿ ಬಿಲ್ ಕಳಿಸಿ’ ಅಂತ ಬರೆಯುತ್ತೇನೆ. ಪಕ್ಕದ ಟೇಬಲಿನವಳಿಗೆ ಮಾತ್ರ ಈಗಲೂ ‘ಟೀ?’ ಅಂತ ಒಂದೇ ಪದ. ಅದು ಅವಳಿಗೂ ಇಷ್ಟ, ನನಗೂ ಇಷ್ಟ.

ಹೋದ ತಿಂಗಳು ನಮ್ಮಲ್ಲಿ ಹೊಸಬರನ್ನು ತಗೊಳ್ಳುವಾಗ ಮೆಸೇಜ್ ಮಾಡೋ ಕೆಲಸ ನನಗೇ ಬಂತು. ಹಾವೇರಿ ಕಡೆಯ ಹುಡುಗನೊಬ್ಬನಿಗೆ ‘ಗುರುವಾರ 10ಕ್ಕೆ ಬರೋಕಾಗುತ್ತಾ, ಇಲ್ಲ ಶುಕ್ರವಾರ ಬರ್ತೀರಾ?’ ಅಂತ ಕೇಳಿದ್ದೆ. ‘ಹೂಂ’ ಅಂತ ಉತ್ತರ ಬಂತು. ನಾನು ಫೋನ್ ಎತ್ತಿಕೊಂಡೆ.

‘ಯಾವತ್ತು ಬರ್ತೀರಪ್ಪಾ?’

‘ಗುರುವಾರಾನೇ ರೀ ಮೇಡಂ. ರಾತ್ರಿ ಬಸ್ಸಿಗೇ ಹೊರಡ್ತೀನಿ.’

ಗುರುವಾರದ ಪಟ್ಟಿಯಲ್ಲಿ ಅವನ ಹೆಸರು ಬರೆದುಕೊಂಡೆ.